ಸಂಸಾರದ ಮಾತು : ಕೂಸಿನ ಕಿವಿಯಲ್ಲಿ ಹೇಳುವ ಹೆಸರು



ಈ ತಿಂಗಳು ಬಂದ ಪತ್ರಗಳಲ್ಲಿ ಬೈಲಹೊಂಗಲ ತಾಲೂಕಿನ ಗೃಹಸ್ಥರೊಬ್ಬರ ಪತ್ರವು ನನ್ನ ಮನಸ್ಸನ್ನು ಬಿಡದೆ ಹಿಡಿದುಕೊಂಡಿತು. ಅವರ ಮನೆಯಲ್ಲಿ ಮೂರನೆಯ ಹೆಣ್ಣುಕೂಸು ಹುಟ್ಟಿದೆ. ತಾಯಿಯೂ ಕೂಸೂ ಸುಖರೂಪವಾಗಿದ್ದಾರೆ. ಆದರೆ ಹೆಸರಿನ ವಿಷಯದಲ್ಲಿ ಮನೆಯೊಳಗೆ ಮೂರು ಪಕ್ಷಗಳಾಗಿವೆ. ಕೂಸಿನ ಅಜ್ಜಿಯು, "ಎರಡು ಹೆಣ್ಣಾದ ಮೇಲೆ ಮೂರನೆಯದೂ ಹೆಣ್ಣಾಯಿತು, ಇದಕ್ಕೆ ಸಾಕವ್ವನೆಂದು ಹೆಸರಿಟ್ಟರೆ ಮುಂದಿನದು ಗಂಡಾಗುವದು" ಎನ್ನುತ್ತಾಳೆ. ಕೂಸಿನ ತಾಯಿಯು ತನ್ನ ಮೊಬೈಲಿನಲ್ಲಿ ಹುಡುಕಿ ಎರಡಕ್ಷರದ ಹೊಸ ಹೆಸರೊಂದನ್ನು ಆರಿಸಿಟ್ಟಿದ್ದಾಳೆ. ಅದರ ಅರ್ಥವೇನೆಂದು ಕೇಳಿದರೆ, "ಕೇಳಲಿಕ್ಕೆ ಚೆಂದವಿದೆ" ಎಂದಷ್ಟೇ ಹೇಳುತ್ತಾಳೆ. ಪಂಚಾಂಗ ನೋಡಿದವರು, ನಕ್ಷತ್ರದ ಚರಣಕ್ಕನುಸಾರವಾಗಿ ಇಂಥ ಅಕ್ಷರದಿಂದಲೇ ಹೆಸರು ಮೊದಲಾಗಬೇಕೆಂದು ಚೀಟಿ ಬರೆದುಕೊಟ್ಟಿದ್ದಾರೆ. "ಮೂವರ ಮಾತನ್ನೂ ಮುರಿಯಲಾರೆ, ಮೂರನ್ನೂ ಕೂಡಿಸಲಾರೆ, ನಾನೇನು ಮಾಡಲಿ?" ಎಂದು ಆ ಗೃಹಸ್ಥರು ಕೇಳಿದ್ದಾರೆ.

ಮಾಸಪತ್ರಿಕೆಯ ಉತ್ತರವು ತೊಟ್ಟಿಲ ಮುಹೂರ್ತಕ್ಕೆ ಮುಟ್ಟಲಾರದು. ಆದುದರಿಂದ ಅವರಿಗೆ ಅಂಚೆಯಲ್ಲಿ ಎರಡೇ ಸಾಲು ಬರೆದು ಕಳಿಸಿದೆನು: "ಯಾವ ಹೆಸರನ್ನಾದರೂ ವಿಚಾರಮಾಡಿ ಇಡಿರಿ. ಸಾಕವ್ವನೆಂದು ಮಾತ್ರ ಇಡಬೇಡಿರಿ." ಹಾಗೇಕೆ ಬರೆದೆನೆಂಬದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಇದು ಒಂದೇ ಮನೆಯ ಪ್ರಶ್ನೆಯಲ್ಲ. ತೊಟ್ಟಿಲು ಕಟ್ಟುವ ಎಲ್ಲ ಮನೆಗಳ ಪ್ರಶ್ನೆಯಾಗಿದೆ.

ನಮ್ಮ ಕಡೆಯಲ್ಲಿ ಹೆಸರಿಡುವ ದಿವಸವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿರಿ. ಪಡಸಾಲೆಯ ತೊಲೆಗೆ ತೊಟ್ಟಿಲು ತೂಗುಬಿಟ್ಟಿರುವದು. ಮುತ್ತೈದೆಯರು ಸುತ್ತಲೂ ನಿಂತಿರುವರು. ಮೊದಲು ರುಬ್ಬುವ ಗುಂಡಿಗೆ ಕುಂಚಿಗೆ ತೊಡಿಸಿ, ಅದನ್ನೇ ಕೂಸೆಂದು ಭಾವಿಸಿ, ತೊಟ್ಟಿಲ ಕೆಳಗಿನಿಂದಲೂ ಮೇಲಿನಿಂದಲೂ ಕೈಯಿಂದ ಕೈಗೆ ದಾಟಿಸುವರು. ಆ ಮೇಲೆ ನಿಜವಾದ ಕೂಸಿನ ಸರದಿ. ಸೋದರತ್ತೆಯು ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ತುಟಿ ಹಚ್ಚಿ, "ಕುರ್ರ್" ಎಂದು ಸದ್ದುಮಾಡಿ ಹೆಸರನ್ನು ಉಸುರುವಳು. ಹೆಸರು ಬಾಯಿಂದ ಬಿದ್ದೊಡನೆ ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುವರು. ಬಂದವರಿಗೆಲ್ಲ ಗುಗ್ಗರಿ ಹಂಚುವರು. ಮುಂದೆ ಆ ಕೂಸು ದೊಡ್ಡದಾಗಿ ಹಿರಿಯರೊಡನೆ ವಾದಕ್ಕೆ ನಿಂತರೆ, "ನಿನ್ನ ಹೆಸರಿನ ಗುಗ್ಗರಿ ತಿಂದಾಕಿ ನಾನು, ನನಗ ಹೇಳಾಕ ಬರತೀಯೇನು?" ಎಂಬ ಮಾತು ಸಿದ್ಧವಾಗಿಯೇ ಇರುವದು. ಮುಸಲ್ಮಾನರ ಮನೆಗಳಲ್ಲಿಯೂ ಹುಟ್ಟಿದ ಕೂಸಿನ ಕಿವಿಯಲ್ಲಿ ಮೊದಲು ಅಜಾನು ಹೇಳುವ ಪದ್ಧತಿಯುಂಟು. ಅಂದ ಬಳಿಕ, ಯಾವ ಮನೆಯಲ್ಲಿಯೇ ಆಗಲಿ, ಕೂಸಿನ ಕಿವಿಯಲ್ಲಿ ಬೀಳುವ ಮೊದಲ ಮಾತನ್ನು ನಮ್ಮ ಹಿರಿಯರು ಹಗುರಾದದ್ದೆಂದು ಎಣಿಸಿರಲಿಲ್ಲ.

ಹೆಸರಿನ ಅರ್ಥವು ಎಲ್ಲಿರುವದು? ನಿಘಂಟಿನಲ್ಲಿರುವದೆಂದು ಈಗಿನ ತರುಣರು ತಿಳಿಯುವರು. ನನಗೆ ಹಾಗೆ ತೋರುವದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಸುತ್ತಿನ ಯಾವದೇ ಹಳ್ಳಿಯಲ್ಲಿ ಹಿರಿಯರ ಹೆಸರುಗಳನ್ನು ಕೇಳುತ್ತ ಹೋಗಿರಿ. ಯಲ್ಲವ್ವ, ಯಲ್ಲಪ್ಪ, ರೇಣವ್ವ, ಪರಸಪ್ಪ ಎಂಬ ಹೆಸರುಗಳ ಹಿಂದೆ ಸವದತ್ತಿಯ ಯಲ್ಲಮ್ಮನ ಗುಡ್ಡವಿರುವದು. ಈರಪ್ಪ, ಈರಣ್ಣ, ಈರವ್ವ ಎಂದರೆ ರಾಮದುರ್ಗದ ಕಡೆಯ ಗೊಡಚಿಯ ವೀರಭದ್ರನು ಆ ಮನೆಯ ಮಾತು ಕೇಳಿದ್ದಾನೆಂದು ತಿಳಿಯಬೇಕು. ಸೋಮಪ್ಪ, ಸೋಮವ್ವರ ಹಿಂದೆ ಸೊಗಲದ ಸೋಮೇಶ್ವರನೂ, ಮಡಿವಾಳಪ್ಪ, ಮಡಿವಾಳವ್ವರ ಹಿಂದೆ ಕಿತ್ತೂರಿನ ಕಲ್ಮಠವೂ ಇರುವದು. ಎತ್ತಿನ ಚಕ್ಕಡಿ ಕಟ್ಟಿಕೊಂಡು ಉಳವಿಯ ಜಾತ್ರೆಗೆ ಹೋಗಿಬಂದವರು ಮಗನಿಗೆ ಚನ್ನಬಸಪ್ಪನೆಂದೋ ಉಳವಪ್ಪನೆಂದೋ ಕರೆದರು. ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಒಡಲಲ್ಲಿಯೇ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವಿರುವದರಿಂದ, ಆ ಹೊಳೆಯ ದಂಡೆಯ ಗಂಗವ್ವಂದಿರಿಗೆ ಹೊಳೆಯೂ ತಾಯಿ, ಶರಣೆಯೂ ತಾಯಿ. ಶಿರಹಟ್ಟಿಯ ಫಕೀರೇಶ್ವರನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಫಕ್ಕೀರಪ್ಪ, ಫಕ್ಕೀರವ್ವರು ಹುಟ್ಟಿದರು. ಆ ಹೆಸರಿನಲ್ಲಿ ಯಾವ ಜಾತಿಯ ಗೋಡೆಯೂ ಇಲ್ಲ.

ಇವುಗಳಲ್ಲಿ ಕೆಲವಕ್ಕೆ ನಿಘಂಟಿನ ಅರ್ಥವೂ ಉಂಟು. ವೀರನೇ ಈರನಾದನು, ವೃಷಭವೇ ಬಸವನೆಂಬ ಮುದ್ದಾದ ಕನ್ನಡ ಮಾತಾಯಿತು. ಆದರೆ ಮಗನಿಗೆ ಬಸಪ್ಪನೆಂದು ಕರೆದ ಯಾವ ತಾಯಿಯೂ ಎತ್ತನ್ನು ನೆನೆದು ಕರೆಯಲಿಲ್ಲ. ತಾನು ಹೊತ್ತ ಹರಕೆ, ಏರಿದ ಗುಡ್ಡ, ಉಪವಾಸವಿದ್ದ ಸೋಮವಾರ, ಇವೇ ಆ ಹೆಸರಿನ ಅರ್ಥವಾಗಿದ್ದವು. ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು 1831ನೆಯ ಇಸವಿ ಜನವರಿ 26ರಂದು ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲೆ ಬೆಳೆದ ಆಲದ ಮರಕ್ಕೆ ಮಕ್ಕಳ ಹಂಬಲವುಳ್ಳವರು ತೊಟ್ಟಿಲು ಕಟ್ಟಿ ಹರಕೆ ಹೊರುವ ರೂಢಿಯುಂಟು. ಗಲ್ಲಿಗೇರಿದವನ ಮರದ ಟೊಂಗೆಗೆ ತೊಟ್ಟಿಲು ಕಟ್ಟಿದ ತಾಯಿಯು ಮುಂದೆ ಹುಟ್ಟಿದ ಮಗನಿಗೆ ರಾಯಣ್ಣನೆಂದು ಕರೆದರೆ, ಆ ಹೆಸರಿನ ಅರ್ಥವನ್ನು ಹೇಳಲಿಕ್ಕೆ ಯಾವ ನಿಘಂಟು ಸಾಲುವದು?

ಹರಕೆಯ ಹೆಸರಿನಂತೆಯೇ ಹಿರಿಯರ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೂ ಅಜ್ಜಿಯ ಹೆಸರನ್ನು ಮೊಮ್ಮಗಳಿಗೂ ಇಡುವದು ನಮ್ಮಲ್ಲಿ ಹಳೆಯ ಪದ್ಧತಿ. ಎಷ್ಟು ಹಳೆಯದೆಂಬದಕ್ಕೆ ಸವದತ್ತಿಯೇ ಸಾಕ್ಷಿ. ಸುಗಂಧವರ್ತಿ ಎಂಬ ಹೆಸರಿದ್ದ ಈ ಊರು ರಟ್ಟರ ರಾಜಧಾನಿಯಾಗಿತ್ತು. ಅವರ ವಂಶಾವಳಿಯಲ್ಲಿ ಸೇನನ ಮಗ ಕಾರ್ತವೀರ್ಯ, ಆತನ ಮಗ ಮತ್ತೆ ಸೇನ, ಅವನ ಮಗ ಮತ್ತೆ ಕಾರ್ತವೀರ್ಯ. ಆತನ ಮಗ ಲಕ್ಷ್ಮೀದೇವ, ಲಕ್ಷ್ಮೀದೇವನ ಮಗ ಮತ್ತೆ ಕಾರ್ತವೀರ್ಯ, ಅವನ ಮಗ ಮತ್ತೆ ಲಕ್ಷ್ಮೀದೇವ. ಅಜ್ಜನು ಹೋದ ದಾರಿಯಲ್ಲಿ ಮೊಮ್ಮಗನು ಹೆಸರು ಹೊತ್ತು ಬರುತ್ತಿದ್ದನು. ಒಂದು ವಿನೋದವನ್ನು ನೋಡಿರಿ. ಪುರಾಣದ ಕಾರ್ತವೀರ್ಯನು ರೇಣುಕೆಯ ಮನೆಗೆ ವೈರಿ; ಅವಳ ಮಗ ಪರಶುರಾಮನ ಕೊಡಲಿಗೆ ತುತ್ತಾದವನು. ಆ ಹೆಸರಿನ ಅರಸರು ಆಳಿದ ಊರಿನ ಸುತ್ತ ಇಂದು ಪರಶುರಾಮರು ಮನೆಮನೆಗೂ ಇದ್ದಾರೆ. ಕಾರ್ತವೀರ್ಯನೆಂಬ ಕೂಸು ಹುಡುಕಿದರೂ ದೊರೆಯುವದು ದುರ್ಲಭ. ಅರಸರು ಕಲ್ಲಿನಲ್ಲಿ ಕೆತ್ತಿಸಿದ ಹೆಸರು ಕಲ್ಲಿನಲ್ಲಿಯೇ ಉಳಿಯಿತು. ತಾಯಂದಿರು ಕಿವಿಯಲ್ಲಿ ಹೇಳಿದ್ದು ನಡೆದುಬಂದಿತು.

ಅಜ್ಜನ ಹೆಸರಿಟ್ಟ ಮನೆಯಲ್ಲಿ ಸೊಸೆಗೆ ಒಂದು ತೊಡಕು ಬರುತ್ತಿತ್ತು. ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಅದೇ ಹೆಸರು. ಆಗ ಅವಳು ಮಗನನ್ನು ಅಪ್ಪು, ಅಜ್ಜಪ್ಪ, ತಮ್ಮಣ್ಣ, ಬಾಳಾ ಎಂದು ಕರೆಯುವಳು. ಕ್ರಮೇಣ ಊರೆಲ್ಲ ಅದನ್ನೇ ಹಿಡಿಯುವದು. ಹೀಗೆ ಕರೆಯುವ ಹೆಸರು ಇಟ್ಟ ಹೆಸರನ್ನು ಮೀರಿ ನಿಲ್ಲುವದು ದೊಡ್ಡವರ ಮನೆಯಲ್ಲಿಯೂ ಉಂಟು. ನರಗುಂದದ ಅರಸನ ಹೆಸರು ಭಾಸ್ಕರರಾವ ಭಾವೆ; ರಾಮದುರ್ಗದ ಅರಸು ಮನೆಯೂ ಅದೇ ವಂಶದ್ದು. 1858ನೆಯ ಇಸವಿ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಇಂಗ್ಲಿಷ ಅಧಿಕಾರಿಯನ್ನು ಕೊಂದು ಬಂಡಾಯವೆದ್ದ ಆ ಅರಸನನ್ನು ಜನರು ಇಂದಿಗೂ ನರಗುಂದದ ಬಾಬಾಸಾಹೇಬನೆಂದೇ ನೆನೆಯುವರು. ಪ್ರೀತಿಯಿಂದ ಕರೆದದ್ದೇ ಉಳಿಯಿತು.

ಇನ್ನೊಂದು ಬಗೆಯ ಹೆಸರುಗಳುಂಟು. ತಿಪ್ಪಣ್ಣ, ತಿಪ್ಪವ್ವ, ಕಲ್ಲಪ್ಪ, ಗುಂಡಪ್ಪ, ಹುಚ್ಚವ್ವ, ಅಡಿವೆಪ್ಪ. ಪಟ್ಟಣದ ಮಕ್ಕಳು ಇವನ್ನು ಕೇಳಿ ನಗುವರು. ನಗಬಾರದು. ಸಿಡುಬು, ಕಾಲರಾ, ಪ್ಲೇಗುಗಳ ಕಾಲದಲ್ಲಿ ಒಂದೇ ತಾಯಿಯು ಹೆತ್ತ ಕೂಸುಗಳನ್ನು ಒಂದರ ಹಿಂದೊಂದು ಮಣ್ಣಿಗೆ ಕೊಡುತ್ತಿದ್ದಳು. ಕೊನೆಗೆ ಒಂದು ಕೂಸು ಹುಟ್ಟಿದಾಗ, "ಇದು ನನಗೆ ಬೇಕಾದದ್ದಲ್ಲ, ತಿಪ್ಪೆಯಲ್ಲಿ ಸಿಕ್ಕದ್ದು" ಎಂದು ಸಾವಿಗೆ ಸುಳ್ಳು ಹೇಳುವಳು. ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪಣ್ಣನೆಂದು ಕರೆಯುವಳು. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂದು ಕಲ್ಲಪ್ಪನೆನ್ನುವಳು. ಕೆಲವರ ಮನೆಯಲ್ಲಿ ಕಲ್ಲಪ್ಪ, ಗುಂಡಪ್ಪರು ದೇವರ ಹೆಸರೂ ಆಗಿರಬಹುದು. ಆದರೆ ಸತ್ತ ಕೂಸುಗಳ ಬೆನ್ನಿಗೆ ಹುಟ್ಟಿದವರಿಗೆ ಅವು ಕಾವಲು. ಹೊರಗೆ ಹೀನವಾಗಿ ಕಂಡರೂ ಒಳಗೆ ತಾಯಿಯ ಜೀವವೇ ಅಡಗಿರುವ ಹೆಸರುಗಳಿವು. ಲಸಿಕೆಯೂ ಔಷಧವೂ ಕೈಗೆ ದೊರೆಯುವ ಈ ಕಾಲದಲ್ಲಿ ಅವುಗಳ ಅಗತ್ಯವು ಉಳಿದಿಲ್ಲ, ಗೌರವವು ಉಳಿಯಬೇಕು.

ಆದರೆ ಸಾಕವ್ವ ಎಂಬದು ಆ ಸಾಲಿಗೆ ಸೇರಿದ್ದಲ್ಲ. ತಿಪ್ಪವ್ವನೆಂದು ಕರೆದಾಗ ತಾಯಿಯು ಸಾವಿನ ಸಂಗಡ ಮಾತಾಡುತ್ತಾಳೆ. ಹೆಣ್ಣು ಸಾಕೆಂದು ಸಾಕವ್ವನೆಂದು ಕರೆದಾಗ ಮನೆಯು ಕೂಸಿನ ಸಂಗಡವೇ ಮಾತಾಡುತ್ತದೆ. ಮೊದಲನೆಯದು ಕೂಸನ್ನು ಉಳಿಸಿಕೊಳ್ಳುವ ಸುಳ್ಳು. ಎರಡನೆಯದು ಕೂಸಿಗೆ ನೋವಾಗುವ ನಿಜ. ಇದು ನಮ್ಮ ಕಡೆಯ ರೂಢಿ ಮಾತ್ರವಲ್ಲ. ಮರಾಠಿ ಸೀಮೆಯಲ್ಲಿ ಇಂಥ ಹುಡುಗಿಯರನ್ನು ನಕುಶಾ, ಅಂದರೆ ಬೇಡವಾದವಳು, ಎಂದು ಕರೆಯುತ್ತಿದ್ದರು. 2011ನೆಯ ಇಸವಿ ಅಕ್ಟೋಬರದಲ್ಲಿ ಸಾತಾರಾ ಜಿಲ್ಲೆಯ ಅಧಿಕಾರಿಗಳು ಅಂಥ ಹುಡುಗಿಯರನ್ನು ಹುಡುಕಿ ಕೂಡಿಸಿ, 250ಕ್ಕೂ ಹೆಚ್ಚು ಜನರಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರುಗಳನ್ನು ಕೊಟ್ಟರು. ತಮ್ಮ ಹೆಸರನ್ನು ತಾವೇ ಆರಿಸಿಕೊಂಡ ಹುಡುಗಿಯರೂ ಅವರಲ್ಲಿದ್ದರು. ತಾಯಿತಂದೆಗಳು ಮಾಡಬೇಕಾಗಿದ್ದ ಕೆಲಸವನ್ನು ಜಿಲ್ಲೆಯ ಕಚೇರಿಯು ಮಾಡಬೇಕಾಯಿತು.

"ಹೆಸರಿನಿಂದ ಮುಂದಿನ ಕೂಸು ಗಂಡಾಗುವದು" ಎಂಬ ನಂಬಿಗೆಯ ವಿಷಯವಾಗಿ ಒಂದು ಮಾತು. ಕೂಸು ಹೆಣ್ಣೋ ಗಂಡೋ ಎಂಬದು ಗರ್ಭ ನಿಂತ ಕ್ಷಣದಲ್ಲಿಯೇ ನಿಶ್ಚಯವಾಗುವದು. ಅದೂ ತಂದೆಯ ಕಡೆಯಿಂದ ಬರುವ ಬೀಜಕಣದಿಂದ. ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ತೊಟ್ಟಿಲಲ್ಲಿರುವ ಅಕ್ಕನ ಹೆಸರಿಗೂ ಹುಟ್ಟಲಿರುವ ತಮ್ಮನಿಗೂ ಯಾವ ಸಂಬಂಧವೂ ಇಲ್ಲ. ಸಾಕವ್ವನ ಬೆನ್ನಿಗೆ ಗಂಡು ಹುಟ್ಟಿದ ಮನೆಗಳನ್ನು ಜನರು ನೆನಪಿಡುವರು. ಮತ್ತೆ ಹೆಣ್ಣೇ ಹುಟ್ಟಿದ ಮನೆಗಳನ್ನು ಮರೆಯುವರು.

ಇಷ್ಟು ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂದಿತೆಂದು ಕೇಳುವಿರಾದರೆ, ನನ್ನ ಸೋದರತ್ತೆಯಿಂದ ಬಂದಿತು. ಅವಳ ಹೆಸರೇ ಸಾಕವ್ವ. ನಾಲ್ಕನೆಯ ಹೆಣ್ಣಾಗಿ ಅವಳು ಹುಟ್ಟಿದಾಗ ಮನೆಯವರು ಬೇಸತ್ತು ಆ ಹೆಸರಿಟ್ಟರು. ಅವಳ ಬೆನ್ನಿಗೆ ನನ್ನ ತಂದೆಯು ಹುಟ್ಟಿದನು. "ಹೆಸರು ಫಲಿಸಿತು" ಎಂದು ಎಲ್ಲರೂ ಹಿಗ್ಗಿದರು. ಫಲವು ತಂದೆಗೆ ಸಂದಿತು. ಹೆಸರು ಮಾತ್ರ ಅತ್ತೆಯ ಪಾಲಿಗೆ ಉಳಿಯಿತು. ಸಾಲೆಗೆ ಹೋದಾಗ ಹಾಜರಿ ಕರೆಯುವ ಹೊತ್ತಿಗೆ ಹುಡುಗರು, "ಸಾಕವ್ವಾ, ಸಾಕು, ಮನೀಗೆ ನಡಿ" ಎಂದು ಗೇಲಿಮಾಡುತ್ತಿದ್ದರಂತೆ. ಎರಡನೆಯ ಇಯತ್ತೆಗೆ ಅವಳು ನಿಜವಾಗಿಯೂ ಮನೆಗೆ ನಡೆದಳು. ತಿರುಗಿ ಹೋಗಲಿಲ್ಲ; ಯಾರೂ ಕಳಿಸಲೂ ಇಲ್ಲ.

ಅವಳನ್ನು ನಮ್ಮ ಊರಲ್ಲಿಯೇ ಕೊಟ್ಟಿದ್ದರು. ಅವಳಿಗೆ ಮಕ್ಕಳಾಗಲಿಲ್ಲ. ನಾನು ಐದು ವರ್ಷದವನಿದ್ದಾಗ ನನ್ನ ತಾಯಿಯು ತೀರಿಕೊಂಡಳು. ಅಂದಿನಿಂದ ಅತ್ತೆಯು ಎರಡೂ ಮನೆಯ ಒಲೆ ಹೊತ್ತಿಸಿದಳು. ನಸುಕಿನಲ್ಲಿ ಬಂದು ರೊಟ್ಟಿ ಬಡಿದಿಟ್ಟು, ನಮ್ಮ ತಲೆ ಬಾಚಿ ಸಾಲೆಗೆ ಕಳಿಸಿ, ತನ್ನ ಮನೆಗೆ ಹೋಗಿ ಅಲ್ಲಿಯ ಕೆಲಸ ಮುಗಿಸಿ, ಸಂಜೆಗೆ ಮತ್ತೆ ಬರುವಳು. ನಾವು ಪಾಟಿಯ ಮೇಲೆ ತಿದ್ದುವದನ್ನು ನೋಡಿ ನೋಡಿ ಅಕ್ಷರ ಕಲಿತಳು. ಅವಳು ಮೊದಲು ಬರೆದದ್ದು ತನ್ನ ಹೆಸರನ್ನು. ಬರೆದು, ಬಹಳ ಹೊತ್ತು ನೋಡಿ, ಸೆರಗಿನಿಂದ ಒರಸಿಬಿಟ್ಟಳು.

ನಮ್ಮ ಬಳಗದಲ್ಲಿ ಹುಟ್ಟಿದ ಹನ್ನೊಂದು ಕೂಸುಗಳ ಕಿವಿಯಲ್ಲಿ ಹೆಸರು ಹೇಳಿದವಳು ಆಕೆಯೇ. ಹೆಸರಿಡುವ ಹಿಂದಿನ ದಿನ ಮನೆಯ ಹಿರಿಯರನ್ನು ಕೂಡಿಸಿ, "ಯಾವ ಹೆಸರು? ಯಾಕ ಆ ಹೆಸರು?" ಎಂದು ಎರಡೇ ಪ್ರಶ್ನೆ ಕೇಳುವಳು. ಎರಡನೆಯದಕ್ಕೆ ಉತ್ತರ ಬರದಿದ್ದರೆ, "ಹಂಗಾದರ ನಾಳೆ ನನ್ನ ಬಾಯಿಂದ ಅದು ಬರಾಂಗಿಲ್ಲ" ಎಂದು ಖಂಡಿತವಾಗಿ ಹೇಳುವಳು. ಒಮ್ಮೆ ನಮ್ಮ ದಾಯಾದಿಗಳ ಮನೆಯಲ್ಲಿ ಸತತವಾಗಿ ಹೆಣ್ಣು ಹುಟ್ಟಿ ಅದೇ ಹಳೆಯ ಮಾತು ಬಂದಿತು. ಅತ್ತೆಯು ತೊಟ್ಟಿಲಿಗೆ ಬಾಗಿದಳು. ಹಿರಿಯರು ಹೇಳಿಕೊಟ್ಟ ಹೆಸರನ್ನು ಬಿಟ್ಟು, ತನ್ನ ಮನಸ್ಸಿಗೆ ಬಂದ ಬೇರೆ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿಬಿಟ್ಟಳು. ಅಂದು ಬೆನ್ನಿಗೆ ಬಿದ್ದ ಗುದ್ದುಗಳೆಲ್ಲ ವಿನೋದದವಾಗಿರಲಿಲ್ಲ. ಆದರೆ ಕಿವಿಯಲ್ಲಿ ಬಿದ್ದ ಹೆಸರನ್ನು ತಿರುಗಿ ತೆಗೆಯುವದು ಹೇಗೆ? ಅದೇ ಉಳಿಯಿತು.

ನಾನು ಕಾಲೇಜು ಓದುತ್ತಿದ್ದಾಗ ಒಂದು ದಿವಸ ನಿಘಂಟು ತಿರುವಿಹಾಕುತ್ತ 'ಸಾಕು' ಎಂಬ ಮಾತಿಗೆ ಬಂದೆನು. ಸಾಲುವದು, ತೀರಿತು ಎಂಬದು ಒಂದು ಅರ್ಥ. ಪೋಷಿಸು, ಸಲಹು ಎಂಬದು ಇನ್ನೊಂದು. ಆನಂದದಿಂದ ಅತ್ತೆಯ ಕಡೆಗೆ ಓಡಿದೆನು. "ಅತ್ತೀ, ಸಾಕವ್ವ ಅಂದರ ಸಾಕಿದ ಅವ್ವ! ನಿನ್ನ ಹೆಸರು ಕೆಟ್ಟದ್ದಲ್ಲ. ನಮ್ಮನ್ನ ಸಾಕಿದಿ, ಹೆಸರು ಖರೇ ಆತು" ಎಂದೆನು. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನಕ್ಕಳು. "ಅದು ನೀ ಕೊಟ್ಟ ಅರ್ಥ, ತಮ್ಮಾ. ಇಟ್ಟವರು ಕೊಟ್ಟದ್ದಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಾ ಹೋದ ಮ್ಯಾಲೆ ಈ ಹೆಸರು ಯಾರಿಗೂ ಇಡಬ್ಯಾಡ್ರಿ" ಎಂದು ಹೇಳಿ ಮತ್ತೆ ರೊಟ್ಟಿ ಬಡಿಯಹತ್ತಿದಳು.

ಹೆಸರಿಗೆ ಹೊತ್ತವರ ಬಾಳಿನಿಂದಲೂ ಅರ್ಥ ಬರುವದು ಸುಳ್ಳಲ್ಲ. ಕಾಕತಿಯಲ್ಲಿ ಹುಟ್ಟಿದ ಕೂಸಿಗೆ ಚನ್ನಮ್ಮನೆಂದು ಹೆಸರಿಟ್ಟಾಗ ಅದರಲ್ಲಿ ಚೆಲುವೆಯೆಂಬ ಮುದ್ದಿನ ಅರ್ಥವಷ್ಟೇ ಇತ್ತು. 1824ನೆಯ ಇಸವಿ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಕಲೆಕ್ಟರ ಥ್ಯಾಕರೆಯು ಬಿದ್ದ ಮೇಲೆ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ರಾಣಿಯು ಕಣ್ಣುಮುಚ್ಚಿದ ಮೇಲೆ, ಚನ್ನಮ್ಮನೆಂದರೆ ಧೈರ್ಯವೆಂದು ಅರ್ಥವಾಯಿತು. ಇಂದು ಮಗಳಿಗೆ ಆ ಹೆಸರಿಡುವವರು ಚೆಲುವನ್ನಲ್ಲ, ಬೈಲಹೊಂಗಲದ ಆ ಸಮಾಧಿಯನ್ನು ನೆನೆಯುವರು. ಬೆಳಗಾವಿಯ ವಿಶ್ವವಿದ್ಯಾಲಯವು 2010ರಲ್ಲಿ ಸ್ಥಾಪಿತವಾದಾಗ ಅದಕ್ಕೂ ಅದೇ ಹೆಸರನ್ನು ಇಟ್ಟರು. ಆದರೆ ರಾಣಿಗೂ ನನ್ನ ಅತ್ತೆಗೂ ಇದ್ದ ಭೇದವನ್ನು ಮರೆಯಬಾರದು. ರಾಣಿಯು ಒಳ್ಳೆಯ ಹೆಸರನ್ನು ಇನ್ನೂ ದೊಡ್ಡದು ಮಾಡಿದಳು. ನನ್ನ ಅತ್ತೆಯು ಕೆಟ್ಟ ಹೆಸರನ್ನು ತೊಳೆಯುವದರಲ್ಲಿಯೇ ಬಾಳು ಸವೆಸಿದಳು. ಕೂಸಿಗೆ ಕೊಡುವ ಮೊದಲ ಆಸ್ತಿಯೇ ಸಾಲವಾಗಿರಬಾರದು.

ಅತ್ತೆಯು ತೀರಿದ ಮರುವರ್ಷ ನನ್ನ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಹಿರಿಯರ ಹೆಸರು ಇಡಬೇಕೆಂಬದು ಪದ್ಧತಿ. ಇಡಬೇಡಿರೆಂಬದು ಹಿರಿಯಳದೇ ಅಪ್ಪಣೆ. ನಾವು ಬಹಳ ವಿಚಾರಮಾಡಿದೆವು. ಕೊನೆಗೆ ನನ್ನ ಸೊಸೆಯೇ, "ಹೆಸರು ಬ್ಯಾಡ ಅಂದಾರ, ಅವರು ಮಾಡಿದ ಕೆಲಸದ ಹೆಸರು ಇಡೋಣು" ಎಂದಳು. ಎಲ್ಲರಿಗೂ ಉಣಿಸಿದವ್ವನ ನೆನಪಿಗಾಗಿ ಕೂಸಿಗೆ ಅನ್ನಪೂರ್ಣಾ ಎಂದು ಕರೆದೆವು. ಅದು ಹೊಸ ಹೆಸರೂ ಅಲ್ಲ, ಅಪರೂಪದ ಹೆಸರೂ ಅಲ್ಲ. ನಮ್ಮ ಓಣಿಯಲ್ಲಿಯೇ ಇನ್ನಿಬ್ಬರು ಅನ್ನಪೂರ್ಣೆಯರಿದ್ದಾರೆ. ಆದರೆ ನಮ್ಮ ಹುಡುಗಿಗೆ ತನ್ನ ಹೆಸರು ಯಾಕೆ ಬಂದಿತೆಂಬದು ಗೊತ್ತು. ಕೇಳಿದವರಿಗೆಲ್ಲ, "ನಮ್ಮ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು" ಎಂದು ಕಥೆ ಮೊದಲುಮಾಡುತ್ತಾಳೆ. ಹೆಸರಿನ ಅರ್ಥವು ಹೀಗೆ ಹೇಳಲಿಕ್ಕೆ ಬರುವಂತಿರಬೇಕು.

ಈಗ ನಮ್ಮ ಗೃಹಸ್ಥರ ಮನೆಗೆ ತಿರುಗಿ ಹೋಗೋಣ. ಪಂಚಾಂಗದ ಅಕ್ಷರಕ್ಕೆ ಮನೆಯವರು ಮನ್ನಣೆ ಕೊಡುವದಾದರೆ ಕೊಡಲಿ. ಅಶ್ವಿನಿಯ ಮೊದಲ ಚರಣಕ್ಕೆ 'ಚು' ಬಂದಿತೆಂದು ಸಾಲೆಯಲ್ಲಿ ಆಯುಷ್ಯವೆಲ್ಲ ಅದೇ ಅಕ್ಷರದಿಂದ ಕರೆಸಿಕೊಳ್ಳಬೇಕೆಂದಿಲ್ಲ. ನಕ್ಷತ್ರದ ಹೆಸರನ್ನು ಬೇರೆಯಾಗಿ ಕಿವಿಯಲ್ಲಿ ಹೇಳಿ, ವ್ಯವಹಾರದ ಹೆಸರನ್ನು ಬೇರೆ ಇಡುವ ಅನುಕೂಲವನ್ನು ಹಿರಿಯರೇ ಮಾಡಿಟ್ಟಿದ್ದಾರೆ.

ಕೂಸಿನ ತಾಯಿಯ ಮಾತನ್ನು ತಳ್ಳಿಹಾಕಬೇಡಿರಿ. ಒಂಬತ್ತು ತಿಂಗಳು ಹೊತ್ತವಳಿಗೆ ಹೆಸರಿನಲ್ಲಿ ಪಾಲಿಲ್ಲವೆಂದರೆ ಅದು ನ್ಯಾಯವಲ್ಲ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಹೆಣ್ಣಿನ ತವರಿನ ಹೆಸರನ್ನೇ ತೆಗೆದು, ಅಕ್ಕಿಯ ಮೇಲೆ ಹೊಸ ಹೆಸರು ಬರೆಯಿಸುವ ರೂಢಿಯಿತ್ತು. ತನ್ನ ಹೆಸರನ್ನೇ ಉಳಿಸಿಕೊಳ್ಳದ ಎಷ್ಟೋ ತಾಯಂದಿರು ಮಗಳ ಹೆಸರಿನಲ್ಲಿಯೂ ಬಾಯಿ ತೆರೆಯಲಿಲ್ಲ. ಆಕೆಯು ಆರಿಸಿದ ಹೊಸ ಹೆಸರು ಚೆಂದವಿದ್ದರೆ ಇರಲಿ, ಆದರೆ ಅವಳೊಡನೆ ಕುಳಿತು ಆ ನನ್ನ ಅತ್ತೆಯ ಎರಡನೆಯ ಪ್ರಶ್ನೆಯನ್ನು ಮೆಲ್ಲನೆ ಕೇಳಿರಿ: "ಯಾಕ ಆ ಹೆಸರು?" ಉತ್ತರವು ಚಿಕ್ಕದಾದರೂ ಆಗಲಿ, ತನ್ನದಾಗಿರಬೇಕು. ಮುಂಗಾರಿನ ಮೊದಲ ಮಳೆಯ ದಿನ ಹುಟ್ಟಿದಳೆಂದು ವರ್ಷಾ ಎಂದರೂ ಅದು ಅರ್ಥವೇ.

ಅಜ್ಜಿಯನ್ನೂ ಬಯ್ಯಬೇಡಿರಿ. ಅವಳು ಕ್ರೂರಳಲ್ಲ, ಹೆದರಿದವಳು. ಗಂಡು ಹಡೆಯದ ಸೊಸೆಯಂದಿರನ್ನು ಆ ಕಾಲದ ಮನೆಗಳು ಹೇಗೆ ನಡೆಸಿಕೊಂಡವೆಂಬದನ್ನು ಅವಳು ಕಣ್ಣಾರೆ ಕಂಡಿರುವಳು. ಅವಳ ಹತ್ತಿರ ಕುಳಿತು, "ಅವ್ವಾ, ನಿನ್ನ ತಾಯಿಯ ಹೆಸರೇನು? ನಿನ್ನನ್ನು ಮುದ್ದಿನಿಂದ ಏನೆಂದು ಕರೆಯುತ್ತಿದ್ದಳು?" ಎಂದು ಕೇಳಿರಿ. ಎಷ್ಟೋ ವರ್ಷಗಳಿಂದ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಕ್ಕಿಲ್ಲ. ಹುಡುಕುತ್ತಿರುವ ಹೆಸರು ಆ ಉತ್ತರದಲ್ಲಿಯೇ ಇದ್ದರೂ ಇರಬಹುದು.

ಇನ್ನು ವ್ಯವಹಾರದ ಮಾತು. 1969ನೆಯ ಇಸವಿಯ ಕಾಯದೆಯಂತೆ ಕೂಸು ಹುಟ್ಟಿದ 21 ದಿವಸಗಳೊಳಗೆ ಜನನವನ್ನು ನೋಂದಿಸಬೇಕು. ಹೆಸರು ಗೊತ್ತಾಗದಿದ್ದರೂ ನೋಂದಣಿಯನ್ನು ತಡೆಯಬೇಡಿರಿ. ಹೆಸರಿಲ್ಲದೆಯೂ ನೋಂದಿಸಲು ಬರುವದು. ಆ ಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅನಂತರ ಶುಲ್ಕ ಕೊಟ್ಟು 15 ವರ್ಷಗಳವರೆಗೆ ಸೇರಿಸಬಹುದು. ಅಂದರೆ ಸರಕಾರವೂ ಅವಸರ ಮಾಡಿರೆಂದು ಹೇಳುವದಿಲ್ಲ. ಆದರೆ 2023ನೆಯ ಇಸವಿ ಅಕ್ಟೋಬರ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸಾಲೆಯ ಪ್ರವೇಶದಿಂದ ಪಾಸಪೋರ್ಟಿನವರೆಗೆ ಹುಟ್ಟಿದ ದಿನ ಮತ್ತು ಊರುಗಳಿಗೆ ಜನನ ಪ್ರಮಾಣಪತ್ರವೇ ಆಧಾರವಾಗಿರುವದರಿಂದ, ಅದರಲ್ಲಿ ಬರೆಯಿಸುವ ಹೆಸರಿನ ಅಕ್ಷರಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಎರಡು ಸಲ ಓದಿ ನೋಡಿರಿ. ಯಲ್ಲವ್ವನು ಒಂದು ಕಾಗದದಲ್ಲಿ ಎಲ್ಲಮ್ಮನೂ ಇನ್ನೊಂದರಲ್ಲಿ ಯಲ್ಲಮ್ಮಳೂ ಆದರೆ ಮುಂದೆ ಕಚೇರಿಗಳಿಗೆ ಅಲೆಯುವದು ಅವಳ ಪಾಲಿಗೆ ಬರುವದು.

ನಮ್ಮ ಕಡೆಯ ಅಡ್ಡಹೆಸರುಗಳನ್ನು ಗಮನಿಸಿರಿ: ಬಸಣ್ಣವರ, ಮಲ್ಲಣ್ಣವರ, ಚನ್ನಪ್ಪನವರ. ಎಂದೋ ಯಾವದೋ ತೊಟ್ಟಿಲಲ್ಲಿ ಒಂದು ಕೂಸಿನ ಕಿವಿಯಲ್ಲಿ ಹೇಳಿದ ಹೆಸರು ಇಂದು ಒಂದು ಮನೆತನದ ಗುರುತಾಗಿ ನಿಂತಿದೆ. ಹೆಣ್ಣುಮಕ್ಕಳ ಹೆಸರಿಗೆ ಆ ಭಾಗ್ಯ ಬರಲಿಲ್ಲ; ಅವುಗಳಿಗೆ ಮನೆಯವರ ನೆನಪೊಂದೇ ಆಸರೆ. ಆದುದರಿಂದ ಹೆಸರಿಟ್ಟ ದಿವಸವೇ ಒಂದು ನೋಟಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡಿರಿ: ಕೂಸು ಎಂದು ಹುಟ್ಟಿತು, ಕಿವಿಯಲ್ಲಿ ಯಾರು ಹೇಳಿದರು, ಯಾರನ್ನು ನೆನೆದು ಆ ಹೆಸರಿಟ್ಟಿರಿ. ಆ ಕೂಸು ಓದಲು ಕಲಿತ ದಿವಸ ಆ ಪುಟವನ್ನು ಅದರ ಕೈಗೆ ಕೊಡಿರಿ. ನನ್ನ ಅತ್ತೆಯು ಪಾಟಿಯ ಮೇಲೆ ತನ್ನ ಹೆಸರನ್ನು ಬರೆದು ಒರಸಿದಳು. ನಿಮ್ಮ ಮಗಳು ಬರೆದು ಇಟ್ಟುಕೊಳ್ಳುವಂತಾಗಲಿ.

ಬೈಲಹೊಂಗಲದ ಗೃಹಸ್ಥರೇ, ತೊಟ್ಟಿಲ ಕಾರ್ಯವಾದ ಮೇಲೆ ಒಂದು ಕಾರ್ಡು ಬರೆಯಿರಿ. ಹೆಸರು ಯಾವದೆಂದು ತಿಳಿಸಿರಿ; ಯಾಕೆ ಆ ಹೆಸರೆಂಬದನ್ನೂ ತಪ್ಪದೆ ತಿಳಿಸಿರಿ. ಮೂರನೆಯ ಮಗಳಿಗೆ ನಮ್ಮೆಲ್ಲರ ಆಶೀರ್ವಾದಗಳು.